ಧಾರೆ ಚೊಂಬಿನ ಅಂಜಿನಯ್ಯ

ವಿಜಯನಗರದಲ್ಲಿ ತಂದೆಯಿಲ್ಲದ ಹುಡುಗಿಗೆ ಮದುವೆ ಗೊತ್ತಾದರೆ, ಛತ್ರ ಹಿಡಿಯುವ ಮೊದಲೇ ಅಂಜಿನಯ್ಯನವರನ್ನು ಹಿಡಿಯುತ್ತಾರೆ. ಹೆಂಡತಿ ಇಂದ್ರಮ್ಮನ ಜೊತೆ ಮಣೆಯ ಮೇಲೆ ಕೂತು, ತಂದೆಯ ಸ್ಥಾನದಲ್ಲಿ ಧಾರೆ ಎರೆದುಕೊಡುವುದು ಅವರ ಕೆಲಸ. ಕರೆ ಬಂದ ದಿನವೇ ರೇಷ್ಮೆ ಪಂಚೆ ಇಸ್ತ್ರಿಗೆ ಹೋಗುತ್ತದೆ, ಮೀಸೆಗೆ ಕಪ್ಪು ಬೀಳುತ್ತದೆ. ಛತ್ರದಲ್ಲಿ ಸಾರಿನ ಉಪ್ಪು ನೋಡುತ್ತಾರೆ. ಫೋಟೋದವನನ್ನು “ಸ್ವಲ್ಪ ಪಕ್ಕಕ್ಕೆ ಬಾ ಗುರು, ದೇವರಿಗೂ ಕಾಣ್ಲಿ” ಎಂದು ಸರಿಸುತ್ತಾರೆ. ವರನನ್ನು ಮೂಲೆಗೆ ಕರೆದು “ನಮ್ಮ ಹುಡುಗಿ ಕಣ್ಣಲ್ಲಿ ನೀರು ಬಂದ್ರೆ ನಾನ್ ಬರ್ತೀನಿ, ನೋಡ್ಕೊಳಿ” ಎನ್ನುತ್ತಾರೆ. ಆ ಹುಡುಗಿಯ ಹೆಸರನ್ನು ಮಾತ್ರ ಪುರೋಹಿತರೇ ನೆನಪಿಸಬೇಕು. ಕಳಿಸಿಕೊಡುವಾಗ ಹೆತ್ತ ತಾಯಿಗಿಂತ ಜೋರಾಗಿ ಅಳುವವರೂ ಅವರೇ. ಧಾರೆಯ ಬೆಳ್ಳಿ ಚೊಂಬು ಅವರ ಮನೆಯದೇ ಆಗಬೇಕು, ಬೇರೆಯದನ್ನು ಮುಟ್ಟುವುದಿಲ್ಲ. ನೀರು ಬೀಳುವಷ್ಟು ಹೊತ್ತೂ ಅವರ ಹೆಬ್ಬೆರಳು ಅದರ ಒಂದು ಜಾಗವನ್ನು ಮುಚ್ಚಿರುತ್ತದೆ. ಅಲ್ಲಿ ‘ಚಿ. ಸೌ. ರಂಜಿನಿಯ ಮದುವೆಗೆ’ ಎಂದಿದೆ. ರಂಜಿನಿ ಅವರ ಒಬ್ಬಳೇ ಮಗಳು. ಅವಳು ಪುಟ್ಟವಳಿದ್ದಾಗಲೇ ಕೆತ್ತಿಸಿದ್ದು. ಮೆಚ್ಚಿದವನನ್ನು ರಿಜಿಸ್ಟರ್ ಮದುವೆಯಾದ ದಿನ ಅವಳು, “ಅಪ್ಪಾ, ಬಂದು ಪಕ್ಕದಲ್ಲಿ ನಿಂತ್ಕೋ, ಸಾಕು” ಎಂದು ಬೇಡಿಕೊಂಡಿದ್ದಳು. ಇವರು ಹೋಗಲಿಲ್ಲ. ಈಗ ಅವಳ ಮನೆ ಅತ್ತಿಗುಪ್ಪೆಯಲ್ಲಿ, ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣ. ಪ್ರತಿ ಮದುವೆಯ ಮಾರನೆಯ ದಿನ ಇಂದ್ರಮ್ಮ ಚೊಂಬಿಗೆ ವಿಭೂತಿ ಹಚ್ಚಿ ಉಜ್ಜುತ್ತಾ, “ಹೋಗ್ಬರೋಣ ನಡೀರಿ, ಅವಳೇನು ಬಾಗಿಲು ಹಾಕ್ಕೊಳಲ್ಲ” ಎನ್ನುತ್ತಾರೆ. “ಮುಂದಿನ ಲಗ್ನ ಒಂದು ಮುಗೀಲಿ ಕಣೇ” ಎಂದು ಅಂಜಿನಯ್ಯ ಪಂಚೆ ಮಡಿಸಿಡುತ್ತಾರೆ. ಯಾರದೋ ಮಗಳ ಲಗ್ನ ಇದ್ದೇ ಇರುತ್ತದೆ.