ಗುಂಡಿ ಕಂಪನಿಯ ಷೇರುದಾರ

ಷೇರುಪೇಟೆಯನ್ನು ನಮ್ಮ ಬೀದಿಯ ದರ್ಜಿಯಷ್ಟು ಅರೆದು ಕುಡಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಹಾಗೆಂದು ದರ್ಜಿಯೇ ಹೇಳುತ್ತಿದ್ದ. ಪ್ಯಾಂಟು ಹೊಲಿಯಲು ಕೊಟ್ಟು ಸಿಕ್ಕಿಬಿದ್ದ ನಾವು ಬೇರೆ ದಾರಿಯಿಲ್ಲದೆ ತಲೆಯಾಡಿಸುತ್ತಿದ್ದೆವು.

ಅವನ ಅಂಗಡಿ ಎಷ್ಟು ಕಿರಿದೆಂದರೆ, ಹೊಟ್ಟೆಯಿದ್ದವರ ಸೊಂಟದ ಅಳತೆ ಹಿಡಿಯಲು ಟೇಪಿನ ಒಂದು ತುದಿಯನ್ನು ಗಿರಾಕಿಯ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಬೀದಿಯೆಲ್ಲ ಸುತ್ತಿ ಬರಬೇಕಿತ್ತು.

ಗಂಡ ಹೆಂಡತಿ ಉಳಿತಾಯವನ್ನು ಸಮಪಾಲು ಮಾಡಿಕೊಂಡಿದ್ದರು. ಅದೇ ಅಂಗಡಿಯಲ್ಲಿ ಕೂತು ಕಾಜಾ ಹಾಕುತ್ತಿದ್ದ ಹೆಂಡತಿ ತನ್ನ ಪಾಲನ್ನು ದೊಡ್ಡದೊಂದು ಸಾಬೂನು ಕಂಪನಿಯ ಷೇರಿಗೆ ಹಾಕಿ ಮರೆತೇಬಿಟ್ಟಳು. ದರ್ಜಿ ಮಾತ್ರ ಅಂಗಿಯ ಗುಂಡಿ ತಯಾರಿಸುವ ಪುಟ್ಟ ಕಂಪನಿಯೊಂದನ್ನು ಹುಡುಕಿದ. ಆ ಗುಂಡಿಯನ್ನು ಕಚ್ಚಿ ಪರೀಕ್ಷೆ ಮಾಡಿದ್ದ. ಹಲ್ಲು ಮುರಿದಿತ್ತು, ಗುಂಡಿ ಮುರಿದಿರಲಿಲ್ಲ.

"ನಿನ್ನ ದೊಡ್ಡ ಕಂಪನಿ ಬೆಳೆದು ಮುಗಿದ ಗಂಡಸು ಕಣೇ. ಇನ್ನು ಹೊಟ್ಟೆ ಬರಬೇಕಷ್ಟೆ. ನಂದು ಬೆಳೆಯೋ ಹುಡುಗ. ಉದ್ದ ಬಿಟ್ಟೇ ಹೊಲೀಬೇಕು."

"ಮರ ಹತ್ತಿ ಬೀಳೋದೂ ಬೆಳೆಯೋ ಹುಡುಗರೇ ರೀ."

ಹುಡುಗ ನಿಜಕ್ಕೂ ಬೆಳೆದ. ಸಾಬೂನು ತೆವಳಿ ತೆವಳಿ ದುಪ್ಪಟ್ಟಾಗುವಷ್ಟರಲ್ಲಿ ಗುಂಡಿಯ ದರ ಐದು ಪಟ್ಟಾಯಿತು. ದರ್ಜಿ ತಿಂಗಳು ತಿಂಗಳೂ ಇನ್ನಷ್ಟು ಕೊಂಡ. ಕೊಂಡಾಗಲೆಲ್ಲ ದರ ಏರಿತು. ಅದರ ಜೊತೆ ಅವನ ಕತ್ತೂ ಏರಿ ತಲೆ ಸೂರಿಗೆ ಬಡಿಯತೊಡಗಿತು.

ಅಷ್ಟರಲ್ಲಿ ಅಂಗಡಿಯ ಮಾಲೀಕ ಬಂದು, "ಮಳಿಗೆ ಮಾರ್ತಿದ್ದೀನಿ. ತಿಂಗಳೊಳಗೆ ನೀವು ತಗೊಳ್ಳಿ, ಇಲ್ಲಾಂದ್ರೆ ಪಕ್ಕದ ಮೊಬೈಲ್ ಅಂಗಡಿಯವನಿಗೆ ಕೊಡ್ತೀನಿ" ಎಂದ. ಮಳಿಗೆ ಹೋದರೆ ಇಬ್ಬರ ಹೊಟ್ಟೆಪಾಡೂ ಹೋದಂತೆ.

"ಅಷ್ಟೇನಾ?" ಎಂದು ದರ್ಜಿ ಷೇರು ದಲ್ಲಾಳಿಗೆ ಫೋನು ಮಾಡಿದ. "ಎಲ್ಲಾ ಮಾರಿಬಿಡಪ್ಪಾ."

"ಯಾರಿಗೆ ಮಾರಲಿ ಯಜಮಾನ್ರೇ?"

"ಕೊಳ್ಳೋರಿಗೆ!"

"ಇಷ್ಟು ದಿನ ಕೊಳ್ತಿದ್ದೋರು ನೀವೊಬ್ರೇ ಅಲ್ವಾ? ಪುಟ್ಟ ಕಂಪನಿ, ಷೇರು ಕೈ ಬದಲಾಗೋದೇ ಅಪರೂಪ. ನೀವು ಕೊಂಡ್ರಿ, ಏರ್ತು. ಈಗ ನೀವೇ ಮಾರ್ತೀನಿ ಅಂದ್ರೆ..."

ದರ ಬಿದ್ದ ರಭಸಕ್ಕೆ ಅಂಗಡಿಯ ಕನ್ನಡಿ ಅದುರಿತು. ಕೊನೆಗೆ ಗುಂಡಿ ಕಂಪನಿಯ ಯಜಮಾನನೇ ಫೋನಿನಲ್ಲಿ ಗೋಗರೆದ: "ಸ್ವಾಮಿ, ನೀವೂ ಬಿಟ್ಟುಹೋದ್ರೆ ಷೇರುದಾರರ ಸಭೇಲಿ ಟೀ ಕುಡಿಯೋಕೆ ನಾನೊಬ್ಬನೇ ಉಳೀತೀನಿ!"

ಹೆಂಡತಿ ಅದೇ ದಲ್ಲಾಳಿಗೆ ಫೋನು ಮಾಡಿದಳು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವಳ ಸಾಬೂನು ಷೇರೆಲ್ಲ ಮಾರಾಟವಾಯಿತು. ಮಳಿಗೆ ಕೊಳ್ಳಲು ಆ ದುಡ್ಡು ಸಾಕಾಯಿತು. ಪತ್ರವೂ ಅವಳ ಹೆಸರಿಗೇ ಆಯಿತು.

ಮರುದಿನ ಅವಳು ಗಿರಾಕಿಗಳೆದುರೇ ಕೇಳಿದಳು: "ಏನ್ರೀ ಷೇರು ಪಂಡಿತರೇ, ಈಗ್ಲಾದ್ರೂ ಒಪ್ಕೋತೀರಾ, ದೊಡ್ಡದೇ ದೊಡ್ಡದು ಅಂತ?"

ದರ್ಜಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟ.

"ಒಪ್ಕೊಂಡೆ ಕಣೇ. ಆದ್ರೆ ಅಷ್ಟು ದೊಡ್ಡ ಕಂಪನೀನ ಮಾರಿ ನೀನು ದುಡ್ಡು ಸುರಿದಿದ್ದು ಯಾವುದರ ಮೇಲೆ? ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ ಇರೋ ಕಂಪನಿ ಮೇಲೆ! ಇದಕ್ಕಿಂತ ಚಿಕ್ಕದು ಪೇಟೇಲಿ ಇನ್ನೊಂದಿದ್ರೆ ತೋರಿಸು ನೋಡೋಣ."