ಹನ್ನೆರಡು ಜನರ ಇಟಲಿ

ದೂಮಪ್ಪನನ್ನು ಅರಿಯದ ಕನ್ನಡದ ಮನೆ ಆ ಕಾಲದಲ್ಲಿ ಸಿಡ್ನಿಯ ಪೆಂಡಲ್ ಹಿಲ್ ಸುತ್ತಮುತ್ತ ಒಂದೂ ಇರಲಿಲ್ಲ. ಹೊಸದಾಗಿ ಬಂದಿಳಿದವರನ್ನು ಏರ್‌ಪೋರ್ಟಿನಿಂದ ಕರೆತರುವವನು ಅವನೇ, ಅವರಿಗೆ ರೆಂಟಿಗೆ ಮನೆ ಹುಡುಕಿಕೊಡುವವನು ಅವನೇ, ಗಣೇಶನ ಹಬ್ಬಕ್ಕೆ ಹಾಲ್ ಬುಕ್ ಮಾಡಿ ನೂರೈವತ್ತು ಎಲೆ ಹಾಕಿಸುವವನೂ ಅವನೇ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆಯನ್ನು ಯಾರಾದರೂ ಅವನಿಗೆ ಅಂಟಿಸಲು ಬಂದರೆ ಹೆಂಡತಿ ತುಂಗಾ ಒಪ್ಪುತ್ತಿರಲಿಲ್ಲ. ಮಾರಿ ಎನ್ನುವಷ್ಟು ಕೆಟ್ಟವನಲ್ಲ. ಮನೆಯ ಕಡೆ ತಿರುಗಿ ನೋಡಲು ಪುರುಸೊತ್ತಿಲ್ಲದವನು, ಅಷ್ಟೆ. ಎರಡರಲ್ಲಿ ಯಾವುದು ವಾಸಿ ಎಂದು ಹೇಳುವುದು ಕಷ್ಟ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಬಸ್ ಡಿಪೋದಲ್ಲಿ ರೋಸ್ಟರ್ ಬರೆಯುವ ಕೆಲಸ. ಯಾವ ಡ್ರೈವರ್ ಯಾವ ಬಸ್ಸಿಗೆ, ಎಷ್ಟು ಗಂಟೆಗೆ, ಯಾರಿಗೆ ಜ್ವರ ಬಂದರೆ ಅವರ ಜಾಗಕ್ಕೆ ಯಾರು. ಹದಿನಾರು ವರ್ಷದ ಸರ್ವಿಸ್ಸಿನಲ್ಲಿ ಅವನ ರೋಸ್ಟರಿನಿಂದಾಗಿ ಒಂದು ಬಸ್ಸೂ ನಿಂತದ್ದಿಲ್ಲ. ಬೆಳಿಗ್ಗೆ ಐದಕ್ಕೆ ಯಾರಾದರೂ ಫೋನ್ ಮಾಡಿ ಬರಲಾಗುವುದಿಲ್ಲ ಎಂದರೆ, ಐದು ಹತ್ತಕ್ಕೆ ಆ ಹೆಸರು ಅಳಿಸಿ ಇನ್ನೊಂದು ಹೆಸರು ಕೂತಿರುತ್ತಿತ್ತು. ಅದು ಅವನ ಹೆಮ್ಮೆ. ಡಿಪೋ ಮ್ಯಾನೇಜರ್ ಕೂಡ ಆ ಮಾತು ಹೇಳಿ ಒಮ್ಮೆ ಎಲ್ಲರೆದುರು ಅವನ ಬೆನ್ನು ತಟ್ಟಿದ್ದ.

ತುಂಗಾ ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ತನಗಾಗಿ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಕೇಳಿದ್ದು ಒಮ್ಮೆ, 2005ರಲ್ಲಿ, ಒಂದು ಶನಿವಾರ ಮಧ್ಯಾಹ್ನ ಬಟ್ಟೆ ಮಡಚುತ್ತಾ ಟಿವಿ ನೋಡುವಾಗ. ಇಟಲಿಯ ಕಡಲ ತಡಿಯಲ್ಲಿ ಬಂಡೆಗೆ ಅಂಟಿಕೊಂಡ ಐದು ಹಳ್ಳಿಗಳು; ಚಿಂಕ್ವೆ ತೆರ್ರೆ ಎಂದು ಹೆಸರು. ಹಳ್ಳಿಯಿಂದ ಹಳ್ಳಿಗೆ ಸುರಂಗದೊಳಗೆ ನುಗ್ಗಿ ಹೋಗುವ ಚಿಕ್ಕ ರೈಲು. ನಾಲ್ಕು ಹಳ್ಳಿ ನೀರಿನ ಅಂಚಿನಲ್ಲಿ, ನಡುವಿನ ಕೊರ್ನೀಲಿಯಾ ಮಾತ್ರ ಎತ್ತರದ ಗುಡ್ಡದ ಮೇಲೆ. ಸ್ಟೇಷನ್ನಿನಿಂದ ಅಲ್ಲಿಗೆ ಹತ್ತಲು ನಾನೂರಕ್ಕೆ ಸಮೀಪ ಮೆಟ್ಟಿಲು, ಆಗದವರಿಗೆ ಒಂದು ಪುಟ್ಟ ಬಸ್ಸು. ಹಾಗಾಗಿ ಅಲ್ಲಿ ಜನ ಕಡಿಮೆ ಎಂದು ಟಿವಿಯವನು ಹೇಳಿದ.

"ಅಲ್ಲಿಗೆ ಹೋಗುವನಾ?" ಎಂದಳು ತುಂಗಾ. "ಬರುವ ವರ್ಷ ಮದುವೆಯಾಗಿ ಇಪ್ಪತ್ತೈದು ಆಗ್ತದೆ. ನಾಲ್ಕು ದಿವಸ. ನಾವಿಬ್ಬರೇ."

"ಇಬ್ಬರೇಯಾ?" ದೂಮಪ್ಪನಿಗೆ ನಗು ಬಂತು. "ಇಬ್ಬರೇ ಹೋಗಿ ಎಂತ ಮಾಡುವುದು ಮಾರಾಯ್ತಿ?"

"ಎಂತದೂ ಮಾಡುವುದು ಬೇಡ. ಮದುವೆಯಾಗಿ ನಾನು ಬಂದ ಮನೆಯಲ್ಲಿ ಹದಿನಾಲ್ಕು ಜನ. ಇಲ್ಲಿಗೆ ಬಂದ ಮೇಲೆ ಹಾಲಿನಲ್ಲಿ ಯಾರಾದರೊಬ್ಬರು ಹಾಸಿಗೆ ಹಾಸಿಕೊಂಡು ಮಲಗದ ತಿಂಗಳು ಇಲ್ಲ. ನಾನು ಬೇಜಾರಿನಿಂದ ಹೇಳುವುದಲ್ಲ. ಒಮ್ಮೆ, ನಾಲ್ಕು ದಿವಸ, ನಿಮ್ಮ ಹತ್ತಿರ ಬೇರೆ ಯಾರೂ ಮಾತಾಡದ ಕಡೆ ಹೋಗಿ ಕೂರುವ ಅಂತ."

ಅವಳ ಮುಖ ನೋಡಿ ಅವನ ನಗು ನಿಂತಿತು. ಹೆಂಡತಿ ಇಷ್ಟು ದೊಡ್ಡ ಮಾತು ಆಡಿದ್ದು ಅವನ ನೆನಪಿನಲ್ಲಿರಲಿಲ್ಲ. "ಆಯ್ತು, ಹೋಗುವ" ಎಂದ. ಮನಸ್ಸಿನಿಂದಲೇ ಎಂದ. ಆ ವಾರ ಲೈಬ್ರರಿಯಿಂದ ಪುಸ್ತಕ ತಂದ, ಇಟಲಿಯ ರೈಲಿನ ಟೈಮ್‌ಟೇಬಲ್ ಪ್ರಿಂಟ್ ತೆಗೆದ, ಕೊರ್ನೀಲಿಯಾದಲ್ಲಿ ಕಡಲ ಕಡೆಗೆ ಕಿಟಕಿಯಿರುವ ಒಂದು ಕೋಣೆ ಬಾಡಿಗೆಗೆ ಕೊಡುವ ಮುದುಕಿಯ ವಿಳಾಸವನ್ನೂ ಹುಡುಕಿದ. ತುಂಗಾ ಆ ದಿನಗಳಲ್ಲಿ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವರ್ಷದ ಗಣೇಶನ ಹಬ್ಬದ ಊಟದಲ್ಲಿ ದೂಮಪ್ಪ ಸಾರಿನ ಬಕೆಟ್ ಹಿಡಿದು ಬಡಿಸುತ್ತಿದ್ದ. ಮೆಲ್ಬರ್ನಿನಿಂದ ಬಂದಿದ್ದ ಯೋಗೀಶ ಎಲೆಯ ಮುಂದೆ ಕೂತಿದ್ದ. ಅವನೂ ದೂಮಪ್ಪನ ಹಾಗೆ ಉಡುಪಿ ಕಡೆಯವನೇ. ವಿದ್ಯಾರ್ಥಿಯಾಗಿ ಬಂದಾಗ ಎಂಟು ತಿಂಗಳು ದೂಮಪ್ಪನ ಮನೆಯ ಹಾಲಿನಲ್ಲಿ ಮಲಗಿದ್ದವನು, ಈಗ ಕಾಯಂ ನೆಲೆಸುವ ಪಿಆರ್ ಸಿಕ್ಕಿ, ಮದುವೆಯಾಗಿ, ಎರಡು ಮಕ್ಕಳ ತಂದೆ. "ಸಿಲ್ವರ್ ಜ್ಯುಬಿಲಿಗೆ ಏನು ಸ್ಪೆಷಲ್ ಅಂಕಲ್?" ಎಂದು ಕೇಳಿದ.

"ಇಟಲಿಗೆ ಹೋಗುವ ಅಂತ ಇದ್ದೇವೆ" ಎಂದ ದೂಮಪ್ಪ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮವರಲ್ಲಿ, ಎಲ್ಲಿಗಾದರೂ ಹೋಗುತ್ತೇವೆ ಎಂದು ಎದುರಿಗಿದ್ದವರಿಗೆ ಹೇಳಿ, ಬಾಲಕ್ಕೆ ಒಂದು ಮಾತು ಸೇರಿಸದೆ ಬಿಟ್ಟರೆ ಅದು ಮರ್ಯಾದೆಯಲ್ಲ. "ನೀವೂ ಬನ್ನಿ" ಎಂದ. ಕೇಳಿದವರು "ನೋಡುವ, ನೋಡುವ" ಎಂದು ನಕ್ಕು ಬಿಟ್ಟುಬಿಡಬೇಕು. ಹೇಳಿದವರಿಗೂ ಕೇಳಿದವರಿಗೂ ಗೊತ್ತಿರುವ ಲೆಕ್ಕ ಅದು. ಹತ್ತು ವರ್ಷ ಆಸ್ಟ್ರೇಲಿಯಾದ ನೀರು ಕುಡಿದ ಯೋಗೀಶನಿಗೆ ಆ ಲೆಕ್ಕ ಮರೆತುಹೋಗಿತ್ತು. "ಸೂಪರ್ ಅಂಕಲ್! ನಾವು ಬಂದೇ ಬರ್ತೇವೆ!" ಎಂದ. ಪಕ್ಕದ ಎಲೆಯವರು "ಎಲ್ಲಿಗೆ, ಎಲ್ಲಿಗೆ?" ಎಂದರು. ಪಾಯಸ ಬರುವ ಹೊತ್ತಿಗೆ ಮೂರು ಮನೆಯವರು ಹೊರಟಾಗಿತ್ತು.

ಮನೆಗೆ ಬರುವಾಗ ಕಾರಿನಲ್ಲಿ ತುಂಗಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. "ಬಾಯಿಮಾತಿಗೆ ಹೇಳಿದ್ದು, ಅವರು ಹಿಡಿದುಕೊಂಡರೆ ನಾನೆಂತ ಮಾಡುವುದು?" ಎಂದ ದೂಮಪ್ಪ.

"ಇಲ್ಲ, ನಾವಿಬ್ಬರೇ ಹೋಗುವುದು ಅಂತ ಹೇಳಿ" ಎಂದಳು.

"ಹಾಗೆ ಹೇಳಲಿಕ್ಕೆ ಆಗ್ತದಾ? ಎಂತ ತಿಳಿದುಕೊಳ್ಳುತ್ತಾರೆ?"

ಹೇಳಲಿಕ್ಕೆ ಆಗುತ್ತಿತ್ತು. ಒಂದು ಫೋನು, ಎರಡು ನಿಮಿಷ. ಆದರೆ ಊರಿಗೆಲ್ಲ ಹೂಂ ಎಂದು ಅಭ್ಯಾಸವಾದ ನಾಲಿಗೆಗೆ ಊಹೂಂ ಹೊರಳಲಿಲ್ಲ. ಅದೂ ಅಲ್ಲದೆ, ಸುಳ್ಳೇಕೆ, ನಾಲ್ಕು ಮನೆ ಸೇರಿದ ಪ್ರಯಾಣಕ್ಕೆ ಪ್ಲಾನ್ ಮಾಡುವುದೆಂದರೆ ಅವನ ಕೈಗೆ ಒಂದು ಹುರುಪು ಬರುತ್ತಿತ್ತು.

ಮೊದಲು ಎಲ್ಲರಿಗೂ ಒಗ್ಗುವ ದಿನ ಸಿಗಬೇಕು. ಸಿಡ್ನಿಯ ಶಾಲೆಗಳ ರಜೆ ಒಂದು ವಾರಕ್ಕೆ ಶುರುವಾದರೆ ಮೆಲ್ಬರ್ನಿನದು ಇನ್ನೊಂದು ವಾರಕ್ಕೆ. ಎರಡೂ ಕೂಡುವ ಏಳೆಂಟು ದಿನ 2006ರಲ್ಲಿ ನವರಾತ್ರಿಯ ಮೇಲೆ ಬಂತು. ಸಾಲದ್ದಕ್ಕೆ ಯೋಗೀಶ ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿ ಮಾರ್ಟ್‌ಗೇಜ್ ಮೇಲೆ ಹೊಸ ಮನೆ ಕೊಂಡಿದ್ದ. ಪ್ರಯಾಣದ ಬದಲು ಎಲ್ಲರೂ ಅವನ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಉಂಡು ಬಂದರು. ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕೆ ಯೋಗೀಶ ಆ ದಿನವೇ ಒಂದು ಕೇಕ್ ತರಿಸಿ ಗಂಡ ಹೆಂಡತಿ ಇಬ್ಬರ ಕೈಯಲ್ಲೂ ಕೊಯ್ಯಿಸಿದ. 2007ರಲ್ಲಿ ಅದೇ ದಿನಗಳು ಪಿತೃಪಕ್ಷಕ್ಕೆ ಬಿದ್ದವು. ಹೊಸ ಊರಿಗೆ ಯಾರಾದರೂ ಪಿತೃಪಕ್ಷದಲ್ಲಿ ಹೊರಡುತ್ತಾರೆಯೇ? ಕೊರ್ನೀಲಿಯಾದ ಮುದುಕಿ ಎರಡು ಸಲ ಕೋಣೆ ಹಿಡಿದಿಟ್ಟು ಎರಡು ಸಲ ಬಿಟ್ಟುಕೊಟ್ಟಳು. ಮೂರನೆಯ ಸಲ ದೂಮಪ್ಪ ಅವಳಿಗೆ ಬರೆಯಲೇ ಇಲ್ಲ. ಆ ಒಂದು ಕೋಣೆಯಲ್ಲಿ ಹನ್ನೆರಡು ಜನ ಹಿಡಿಯುವುದೂ ಇಲ್ಲ.

ಈ ನಡುವೆ ತುಂಗಾಳ ಕೈಬೆರಳಿನ ಗೆಣ್ಣು ಬಾತುಕೊಳ್ಳತೊಡಗಿತು. ಆಮೇಲೆ ಮೊಣಕಾಲು. ಬರೀ ಗಂಟುನೋವಲ್ಲ, ಸಂಧಿವಾತ, ಇದು ಕಡಿಮೆಯಾಗುವ ಕಾಯಿಲೆಯಲ್ಲ, ಏರದಂತೆ ಹಿಡಿದಿಡಬೇಕು ಎಂದರು ಡಾಕ್ಟರು. ಚೈಲ್ಡ್‌ಕೇರಿನ ಕೆಲಸ ಬಿಟ್ಟಳು. ಬೆಳಿಗ್ಗೆ ಎದ್ದು ಕೈ ಬಿಚ್ಚಿಕೊಳ್ಳಲು ಒಂದು ಗಂಟೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಗಂಡ ಡಿಪೋ ಸೇರಿರುತ್ತಿದ್ದ.

ಕೊನೆಗೂ 2008ರ ಜುಲೈ ಗೊತ್ತಾಯಿತು. ಶುಭಕಾರ್ಯಕ್ಕಾಗದ ತುಳುವರ ಆಟಿ ತಿಂಗಳು ಹಿಡಿಯುವ ಮೊದಲೇ ಹೋಗಿ ಬರುವ ಎಂಟು ದಿನ. ಹತ್ತಕ್ಕಿಂತ ಹೆಚ್ಚು ಜನರಾದರೆ ಗ್ರೂಪ್ ಟಿಕೆಟ್. ಎಲ್ಲರೂ ಮೆಲ್ಬರ್ನಿನಿಂದ ಹೊರಡುವುದು. ಅಷ್ಟು ದೂರ ಹೋಗಿ ಬರೀ ಹಳ್ಳಿ ನೋಡಿ ಬರುವುದೇ ಎಂದು ಒಬ್ಬರು ರೋಮ್ ಸೇರಿಸಿದರು, ಇನ್ನೊಬ್ಬರು ಪೀಸಾದ ವಾಲಿದ ಗೋಪುರ, ಮತ್ತೊಬ್ಬರು ವೆನಿಸ್ಸಿನ ದೋಣಿ. ಐದು ಹಳ್ಳಿಗಳಿಗೆ ಉಳಿದದ್ದು ಒಂದೂವರೆ ದಿನ. ದೂಮಪ್ಪ ಅದನ್ನೂ ಜಾಣತನದಿಂದ ಹೊಂದಿಸಿದ: 8.10ಕ್ಕೆ ಒಂದು ಹಳ್ಳಿ, 9.40ಕ್ಕೆ ಇನ್ನೊಂದು. ಕೊರ್ನೀಲಿಯಾಕ್ಕೆ ನಲವತ್ತೈದು ನಿಮಿಷ.

ಆ ಹಾಳೆಯನ್ನು ತುಂಗಾಳ ಮುಂದಿಟ್ಟ. ಅವಳು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದಳು. ಮಗಳು ನವ್ಯಾ ಪಕ್ಕದಲ್ಲಿ ನಿಂತು ಬಗ್ಗಿ ನೋಡಿದಳು.

"ನನ್ನಿಂದ ಆಗುವುದಿಲ್ಲ" ಎಂದಳು ತುಂಗಾ. "ಇವರೆಲ್ಲರ ಹಿಂದೆ ರೈಲು ಹತ್ತಿ ಇಳಿದು ಓಡಲಿಕ್ಕೆ ಈ ಕಾಲು ಬಿಡುವುದಿಲ್ಲ. ನಾನು ಓಡದಿದ್ದರೆ ಎಲ್ಲರೂ ನನಗೋಸ್ಕರ ಕಾಯಬೇಕು. ಅದು ನನಗೆ ಬೇಡ. ನಾವಿಬ್ಬರೇ ಆದರೆ ಈಗಲೂ ಬರಬಹುದು. ಆ ಚಿಕ್ಕ ಬಸ್ಸಿನಲ್ಲಿ ಮೇಲೆ ಹೋಗಿ ಒಂದು ಕಡೆ ಕೂತರೆ ನನಗೆ ಸಾಕು. ಬರುವ ವರ್ಷ ಈ ಕಾಲು ಹೇಗಿರ್ತದೋ ಗೊತ್ತಿಲ್ಲ."

"ಡ್ಯಾಡ್, ಜಸ್ಟ್ ಗೋ ವಿತ್ ಹರ್" ಎಂದಳು ನವ್ಯಾ. "ಅವರೆಲ್ಲ ಅಡಲ್ಟ್ಸ್. ದೇ ಕ್ಯಾನ್ ರೀಡ್ ಎ ಮ್ಯಾಪ್."

ದೂಮಪ್ಪ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡ. ಅತ್ತ ದರಿ ಇತ್ತ ಪುಲಿ. ಮೂರು ವರ್ಷ ಮುಂದೆ ನಿಂತು ಎಲ್ಲರನ್ನೂ ಹೊರಡಿಸಿದವನೇ ಹಿಂದೆ ಸರಿಯುವುದು ಹೇಗೆ? ಟಿಕೆಟ್ಟು, ಹೋಟೆಲು, ವೀಸಾದ ಕಾಗದ, ಎಲ್ಲವೂ ಅವನ ಕೈಯಲ್ಲಿ. ಅವಳ ಮಾತು ನಿಜವೆಂದೂ ಅವನಿಗೆ ಗೊತ್ತಿತ್ತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯೋಗೀಶನಿಗೆ ಹೇಳಿಬಿಡುವ ಎಂದು ಮೂರನೆಯ ದಿನ ಡಿಪೋದಿಂದ ಫೋನ್ ಮಾಡಿದ. "ತುಂಗಾಳಿಗೆ ಬರಲಿಕ್ಕೆ ಆಗುವುದಿಲ್ಲ ಮಾರಾಯ" ಎಂದು ಶುರುಮಾಡಿದ.

"ಅಯ್ಯೋ, ಹೌದಾ ಅಂಕಲ್? ಪಾಪ ಆಂಟಿ" ಎಂದ ಯೋಗೀಶ. ನಿಜವಾಗಿಯೂ ನೊಂದುಕೊಂಡ. ಆಮೇಲೆ, "ನನ್ನ ಅತ್ತೆ ಚನ್ನಕ್ಕ ಊರಿಂದ ಬಂದಿದ್ದಾರೆ. ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಬರುವುದು ಹೇಗೆ ಅಂತ ಇವಳು ಅಳ್ತಾ ಇದ್ದಳು" ಎಂದ.

ಮುಂದಿನದು ದೂಮಪ್ಪ ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿಯೇ ಮಾಡಿತು. ಮುಂದಿದ್ದ ಪಟ್ಟಿಯಲ್ಲಿ ಎರಡನೆಯ ಹೆಸರು ಅಳಿಸಿತು, ಅಲ್ಲಿ ಚನ್ನಕ್ಕ ಎಂದು ಬರೆಯಿತು. ಟಿಕೆಟ್ ಏಜೆಂಟನಿಗೆ ಫೋನ್ ಮಾಡಿ ಹೆಸರು ಬದಲಾಯಿಸಬಹುದೇ ಎಂದು ಕೇಳಿದ, ಇನ್ನೂ ಬದಲಾಯಿಸಬಹುದಿತ್ತು. ಯೋಗೀಶನಿಗೆ ಮತ್ತೆ ಫೋನ್ ಮಾಡಿ ಚನ್ನಕ್ಕನ ವೀಸಾಕ್ಕೆ ಯಾವ ಯಾವ ಕಾಗದ ಬೇಕೆಂದು ಒಂದೊಂದಾಗಿ ಬರೆಸಿದ. ಫೋನ್ ಇಟ್ಟಾಗ ಮನಸ್ಸು ಹಗುರವಾಗಿತ್ತು. ತಾನು ಫೋನ್ ಮಾಡಿದ್ದು ಯಾತಕ್ಕೆ ಎಂದು ನೆನಪಾದದ್ದು ಮನೆಯ ಬಾಗಿಲಿನಲ್ಲಿ.

"ಎಲ್ಲ ವ್ಯವಸ್ಥೆ ಆಯ್ತು" ಎಂದ ತುಂಗಾಳಿಗೆ. "ನಿನ್ನ ಸೀಟಿಗೆ ಚನ್ನಕ್ಕ ಬರುತ್ತಾರೆ. ಯಾರಿಗೂ ತೊಂದರೆ ಇಲ್ಲ."

ತುಂಗಾ ಸಿಂಕಿನ ಮುಂದೆ ನಿಂತು ಎರಡು ಕೈಯಲ್ಲಿ ಒಂದು ಲೋಟ ಹಿಡಿದು ತೊಳೆಯುತ್ತಿದ್ದಳು. ತಿರುಗಲಿಲ್ಲ. "ಒಳ್ಳೆಯದಾಯ್ತು" ಎಂದಳು. ಜಗಳವಾಡಿದ್ದರೆ ಅವನಿಗೆ ಒಂದು ದಾರಿ ಸಿಗುತ್ತಿತ್ತೋ ಏನೋ. ಅವಳು ಅವನ ಸ್ವೆಟರಿಗೆ ಬಟನ್ ಹೊಲಿಯಲು ನವ್ಯಾಳಿಗೆ ಹೇಳಿದಳು; ತನ್ನ ಬೆರಳಿಗೆ ಸೂಜಿ ನಿಲ್ಲುತ್ತಿರಲಿಲ್ಲ.

ಹೊರಡುವ ದಿನ ದೂಮಪ್ಪ ಬೆಳಗಿನ ವಿಮಾನಕ್ಕೆ ಮೆಲ್ಬರ್ನಿಗೆ ಬಂದ. ಸಿಡ್ನಿಯ ಇನ್ನೆರಡು ಸಂಸಾರಗಳು ಹಿಂದಿನ ದಿನವೇ ಬಂದಿದ್ದವು. ಕ್ರೇಗಿಬರ್ನಿನ ಹೊಸ ಮನೆಯ ಮುಂದೆ ಎರಡು ವ್ಯಾನು, ಸಾಲು ಸೂಟ್‌ಕೇಸು, ಪುಳಿಯೋಗರೆ ಗೊಜ್ಜಿನ ಡಬ್ಬಿ, ಕುಕ್ಕರು. ಮೂಳೆ ಕೊರೆಯುವ ಗಾಳಿ ಬೀಸುತ್ತಿತ್ತು. ಚನ್ನಕ್ಕ ಮಂಕಿ ಟೋಪಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. "ದೇವರು ಒಳ್ಳೆಯದು ಮಾಡಲಿ ಮಗಾ, ನಿನ್ನಿಂದಾಗಿ ನನಗೆ ಇಟಲಿ" ಎಂದರು. ದೂಮಪ್ಪ ಪಟ್ಟಿ ಹಿಡಿದು ಹೆಸರು ಕೂಗಿದ, ತಲೆ ಎಣಿಸಿದ, ಒಂದೊಂದು ಹೆಸರಿಗೂ ಗೀಟು ಹಾಕಿದ. ಎಲ್ಲ ಸರಿಯಾಗಿತ್ತು.

ಆಗ ಮೊಬೈಲ್ ರಿಂಗಾಯಿತು. ತುಂಗಾ.

"ಹೊರಟಿರಾ?" ಎಂದಳು.

"ಹಾಂ, ಈಗ ಹೊರಡುವುದು. ಗುಳಿಗೆ ತಗೊಂಡಿಯಾ?"

"ತಗೊಂಡೆ. ಎಲ್ಲರೂ ಬಂದರಾ?"

"ಬಂದರು" ಎಂದ ದೂಮಪ್ಪ, ಪಟ್ಟಿಯ ಮೇಲೆ ಕಣ್ಣಿಟ್ಟುಕೊಂಡೇ. "ಎಲ್ಲರೂ ಬಂದಿದ್ದಾರೆ. ಯಾರೂ ಬಾಕಿ ಇಲ್ಲ."

"ಜಾಗ್ರತೆ" ಎಂದು ತುಂಗಾ ಫೋನ್ ಇಟ್ಟಳು.

ತಾನು ಹೇಳಿದ ಮಾತು ದೂಮಪ್ಪನ ಕಿವಿಗೆ ಆಗ ಬಿತ್ತು. ಅವನು ಗೇಟಿನ ಕಂಬ ಹಿಡಿದುಕೊಂಡ. ಸಿಡ್ನಿಗೆ ಅರ್ಧ ಗಂಟೆಗೊಂದು ವಿಮಾನವಿದೆ, ಆ ಟೈಮ್‌ಟೇಬಲ್ ಅವನಿಗೆ ಬಾಯಿಪಾಠ. ಟಿಕೆಟ್ಟುಗಳ ಕಟ್ಟನ್ನು ಯೋಗೀಶನ ಕೈಗೆ ಕೊಟ್ಟು, ನೀವು ಹೋಗಿ ಬನ್ನಿ ಎಂದರೆ ಮುಗಿಯಿತು. ಕತ್ತಲಾಗುವುದರೊಳಗೆ ಮನೆ. ಬಾಯಿ ತೆರೆದ ಕೂಡ.

"ಅಂಕಲ್, ನಿಮಗೋಸ್ಕರ ಕಾಯ್ತಾ ಇದ್ದೇವೆ" ಎಂದು ವ್ಯಾನಿನಿಂದ ಯೋಗೀಶ ಕೂಗಿದ.

ಕಾಯಿಸುವುದು ಸರಿಯಲ್ಲ ಎಂದು ದೂಮಪ್ಪ ಓಡಿ ಹೋಗಿ ವ್ಯಾನ್ ಹತ್ತಿದ.