ಸಿಡಿಗೆ ಹಚ್ಚಿದ ಕುಂಕುಮ

ಗಣಿ ಲಾರಿಗಳು ಹೊಸಪೇಟೆಯ ರಸ್ತೆಗಳನ್ನೆಲ್ಲ ಕೆಂಪು ಮಾಡಿದ್ದ ವರ್ಷಗಳವು. ಅಲ್ಲಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನಾನು ಕೆಲಸಕ್ಕಿದ್ದೆ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಟೈಪು ಮಾಡುತ್ತಿದ್ದದ್ದು ಒಂದೇ ಬೆರಳಿನಲ್ಲಿ. ಹಳೆಯ ತಾಳೆಗರಿಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾದಾಗ, ಅವಸರ ಮಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಗ್ರಂಥಪಾಲಕಿ ಮೇಡಂ ನನ್ನನ್ನು ಅದಕ್ಕೆ ಕೂರಿಸಿದರು.

ಮೊದಲ ಕಟ್ಟು ಕಂಪ್ಲಿಯ ಒಬ್ಬ ಹಿರಿಯರದು. ಅವರ ಮುತ್ತಜ್ಜ ಬರೆದಿಟ್ಟ ಔಷಧಿಗಳ ವಿವರ. ಕೊಡುವಾಗಲೇ ಹೇಳಿದ್ದರು: "ನೋಡ್ರಿ, ಒಂದ ಸಲ ಕೊಡೋದು. ನವರಾತ್ರಿ ಪೂಜಿಗೆ ಮನ್ಯಾಗ ಇರಬೇಕು. ಇನ್ನೊಮ್ಮೆ ಕೇಳಾಕ ಬರಬ್ಯಾಡ್ರಿ."

ಒಂದೊಂದೇ ಗರಿಯನ್ನು ಉಸಿರು ಬಿಗಿಹಿಡಿದು ಸ್ಕ್ಯಾನ್ ಮಾಡಿದೆ. ಮೊದಲ ಗರಿ ಮಾತ್ರ ಕಪ್ಪುಗಟ್ಟಿತ್ತು. 'ಓದಲು ಬರುವುದಿಲ್ಲ' ಎಂದು ಪಟ್ಟಿಯಲ್ಲಿ ಟೈಪು ಮಾಡಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದ್ದರಿಂದ ಚಿತ್ರಗಳನ್ನೆಲ್ಲ ಒಂದು ಸಿಡಿಗೆ ಹಾಕಿ, ಅಲ್ಲಿಂದ ಅಳಿಸಿದೆ. ಹೇಳಿದ ದಿನಕ್ಕೇ ಕಟ್ಟು ಕಂಪ್ಲಿಗೆ ಮರಳಿತು.

ಆಯುಧ ಪೂಜೆಗೆ ಕಂಪ್ಯೂಟರು, ಸ್ಕ್ಯಾನರು, ಕೊನೆಗೆ ಸ್ಟೇಪ್ಲರಿಗೂ ಕುಂಕುಮ ಹಚ್ಚಿದೆ. ಸಿಡಿಯನ್ನು ಬಿಡಲು ಮನಸ್ಸಾಗಲಿಲ್ಲ. ನನ್ನ ದುಡಿಮೆಯೆಲ್ಲ ಅದರಲ್ಲೇ ಇತ್ತಲ್ಲ. ಹೊಳೆಯುವ ಬದಿಯೇ ಅದರ ಮುಖವೆಂದುಕೊಂಡು ಅಲ್ಲಿಗೇ ಕಲೆಸಿದ ಕುಂಕುಮ ಇಟ್ಟೆ. ರಜೆ ಮುಗಿದ ಮೇಲೆ ಕಿಟಕಿ ಒರೆಸುವ ಬಟ್ಟೆಯಿಂದ ತಿಕ್ಕಿ ತೆಗೆದೆ. ಬಟ್ಟೆಯ ತುಂಬ ಅದಿರಿನ ಧೂಳು. ಸಿಡಿಯ ಮೇಲೆಲ್ಲ ಗೀರು ಬಿದ್ದವು. ಕಂಪ್ಯೂಟರಿಗೆ ಹಾಕಿದರೆ ಗರಗರ ಸದ್ದು ಬಂತೇ ಹೊರತು ಒಂದು ಚಿತ್ರವೂ ತೆರೆಯಲಿಲ್ಲ.

ಮೇಡಂ ಹಣೆ ಹಿಡಿದುಕೊಂಡರು. "ಸ್ಟೇಪ್ಲರಿಗೆ ಹಚ್ಚಿದ್ದು ಸಾಲಲಿಲ್ಲೇನ್ರಿ ನಿಮಗ? ಹೋಗ್ರಿ, ಕಂಪ್ಲಿಗೆ ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ಮತ್ತೊಮ್ಮೆ ಕೊಟ್ರ ನಮ್ಮ ಪುಣ್ಯ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರನ್ನು ಕಂಡೊಡನೆ ಎಲ್ಲ ಮರೆತುಹೋಯಿತು.

"ಮತ್ಯಾಕ ಬಂದ್ರಿ? ಒಂದ ಸಲ ಅಂತ ಹೇಳಿದ್ನಲ್ಲ?"

ಸಿಡಿ ಕೊಟ್ಟು ನಡೆದದ್ದನ್ನು ಹೇಳಿದೆ. ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಕುಂಕುಮ ನೀನ ಹಚ್ಚಿದ್ಯಾ?"

"ಹೌದ್ರಿ ಅಜ್ಜಾರ. ಹಬ್ಬ ಅಂತ…"

ಸಿಡಿಯನ್ನು ನನ್ನ ಕೈಗೆ ಕೊಟ್ಟು, ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ಕಟ್ಟು ಹಿಡಿದು ಹೊರಬಂದು, ದಾರ ಬಿಚ್ಚಿ, ಆ ಕಪ್ಪು ಗರಿಯನ್ನು ತೋರಿಸಿದರು.

"ಇದು ಹಿಂಗ್ಯಾಕ ಆಗೈತಿ ಗೊತ್ತೇನು? ನಮ್ಮಜ್ಜ, ನಮ್ಮಪ್ಪ, ಆಮ್ಯಾಲ ನಾನು, ವರ್ಷಾ ವರ್ಷಾ ಕುಂಕುಮ ಹಚ್ಚಿ ಹಚ್ಚಿ ಅಕ್ಷರ ನುಂಗೀವಿ. ನಿನಗ ಬೈಯಾಕ ನನಗ ಬಾಯಿ ಎಲ್ಲೈತಿ?"

ಆಮೇಲೆ ಒಳಗಿದ್ದ ಹೆಂಡತಿಗೆ ಕೂಗಿದರು: "ಏ, ಒಂದ ಕಪ್ ಚಾ ಮಾಡ. ಇವನ ಮಾರಿ ನೋಡಿದ್ರ ಹೊಸಪ್ಯಾಟಿಯಿಂದ ಅಳಕೋಂತ ಬಂದಂಗ ಐತಿ!"

ನಾನೂ ನಕ್ಕುಬಿಟ್ಟೆ. ಆ ಚಹಾಕ್ಕೆ ಸಕ್ಕರೆ ಬಹಳವಾಗಿತ್ತು. ಕೊನೆಯ ಗುಟುಕಿನವರೆಗೂ ಕುಡಿದೆ.

ವಾಪಸು ಬರುವಾಗ ಕಟ್ಟು ತೊಡೆಯ ಮೇಲಿತ್ತು. ಎದುರು ಬರುವ ಲಾರಿಗಳ ಧೂಳು ತಾಗದಂತೆ ಟವೆಲು ಹೊದಿಸಿದ್ದೆ. ಈ ಸಲ ಎರಡು ಸಿಡಿ ಮಾಡಿದೆವು, ಒಂದು ನಮಗೆ, ಒಂದು ಕಂಪ್ಲಿಗೆ. ಮುಂದಿನ ಹಬ್ಬಕ್ಕೆ ನಾನು ಸಿಡಿಯ ಡಬ್ಬಿಯ ಮೇಲಷ್ಟೇ ಕುಂಕುಮ ಹಚ್ಚಿದೆ. ಅವರೂ ಗರಿಗಳನ್ನು ಬಿಟ್ಟು ಕಟ್ಟಿನ ಮೇಲುಹೊದಿಕೆಯ ಮರದ ಹಲಗೆಗೆ ಹಚ್ಚಿದರೆಂದು ಫೋನಿನಲ್ಲಿ ಹೇಳಿದರು.